ನೊಗ ಬಿಟ್ಟ ಭಾಷಣ

ಹಳೆಯ ಸಾಮಾನನ್ನು ಗುಜರಿಗೆ ಹಾಕೋಣವೆಂದು ಮೊನ್ನೆ ಅಂಗಡಿಯ ಅಟ್ಟದ ಮೇಲಿನದೆಲ್ಲ ಕೆಳಗಿಳಿಸಿದೆ. ತುಕ್ಕು ಹಿಡಿದ ಹಾರ್ನುಗಳು, ಇಲಿ ಕಡಿದ ವೈರು, ಸುಟ್ಟುಹೋದ ಆಂಪ್ಲಿಫೈಯರು... ಎಲ್ಲದರ ಅಡಿಯಲ್ಲಿ ಒಂದು ಕಟ್ಟಿಗೆ ಪೆಟ್ಟಿಗೆ. ಅದರೊಳಗೆ ನಾನು ಧಂದೆ ಶುರು ಮಾಡಿದಾಗ ಕೊಂಡ ಮೊದಲ ಮೈಕ್. ಮುಚ್ಚಳ ತೆಗೆದದ್ದೇ ತಡ, ಲವಂಗದ ವಾಸನೆ ಮೂಗಿಗೆ ಹೊಡೆಯಿತು. ಇಷ್ಟು ವರ್ಷದ ಮೇಲೂ ಅದರ ಜಾಲರಿಯಲ್ಲಿ ಲವಂಗ ಕೂತಿದೆ ಎಂದರೆ, ಆ ಮನುಷ್ಯ ಅದಕ್ಕೆ ಬಾಯಿ ಹಚ್ಚಿ ಎಷ್ಟು ಮಾತಾಡಿರಬೇಕು ನೀವೇ ಲೆಕ್ಕ ಹಾಕಿ. ನಾನಂತೂ ಪೆಟ್ಟಿಗೆ ಮುಚ್ಚಿ ಕೈ ತೊಳೆದುಕೊಂಡೆ.

ಶಹಾಪುರದಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಉರುಸು, ಪುರಾಣ, ಚುನಾವಣೆ, ಸನ್ಮಾನ, ಯಾವುದಿದ್ದರೂ ಹಾರ್ನು ಕಟ್ಟುವವನು ನಾನೇ. ನಾನು ಬರೆಯುವವನಲ್ಲ, ಕೇಳುವವನು. ಭಾಷಣ ಬೇಸರವಾದರೆ ಜನ ಎದ್ದು ಹೋಗುತ್ತಾರೆ, ಅಧ್ಯಕ್ಷರು ಕೂತಲ್ಲೇ ತೂಕಡಿಸುತ್ತಾರೆ. ಮೈಕಿನವನಿಗೆ ಎರಡೂ ಇಲ್ಲ. ಹಾಗಾಗಿ ಯಾದಗಿರಿ, ಶಹಾಪುರ, ಸುರಪುರದ ಕಡೆಯ ಪೊಳ್ಳು ಮಾತನ್ನು ನನ್ನಷ್ಟು ಕೇಳಿದವರು ಬೇರೆ ಯಾರೂ ಇರಲಾರರು. ಆ ಪೊಳ್ಳಿನಲ್ಲೇ ದೊಡ್ಡ ಪೊಳ್ಳು ಈ ಲವಂಗದ ಮನುಷ್ಯ. ಊರವರು ಯೋಗದ ಸರ್ ಎನ್ನುತ್ತಿದ್ದರು. ನಾನೂ ಇಲ್ಲಿ ‘ಅವರು’ ಎಂದೇ ಬರೆಯುತ್ತೇನೆ, ಬಾಯಿಗೆ ರೂಢಿಯಾಗಿದೆ. ಗೌರವ ಅಂತ ಯಾರೂ ತಪ್ಪು ತಿಳಿಯಬಾರದು.

ಯೋಗದ ಸರ್ ಎಂದ ಕೂಡಲೇ ತೆಳ್ಳಗೆ, ನೆಟ್ಟಗೆ, ಪದ್ಮಾಸನ ಹಾಕಿ ಕೂತ ಯಾರೋ ಒಬ್ಬರು ನಿಮ್ಮ ಕಣ್ಣಿಗೆ ಬಂದರೆ, ಅವರನ್ನು ಎಬ್ಬಿಸಿ ಕಳಿಸಿಬಿಡಿ. ನಮ್ಮ ಸರ್ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವುದಕ್ಕೂ ಕುರ್ಚಿ ಹುಡುಕುತ್ತಿದ್ದರು. ಅವರು ಬಗ್ಗಿದ್ದನ್ನು ನಾನು ಕಂಡಿಲ್ಲ, ಉಸಿರು ಹಿಡಿದದ್ದನ್ನೂ ಕಂಡಿಲ್ಲ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದರು. ಅವರಿಗೆ ಗೊತ್ತಿದ್ದ ಯೋಗ ಎಂದರೆ ಯೋಗ ಎಂಬ ಶಬ್ದ, ಅಷ್ಟೇ. ಅದು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾವ ಯಾವ ದೇಶಕ್ಕೆ ನೆಂಟಸ್ತನ ಬೆಳೆಸಿತು ಎಂದು ಹೇಳುವುದೇ ಅವರ ಕಸುಬು. ಶಾಲೆಯ ವಾರ್ಷಿಕೋತ್ಸವವಿರಲಿ, ಕಣ್ಣಿನ ತಪಾಸಣೆ ಶಿಬಿರವಿರಲಿ, ಯಾರದೋ ಷಷ್ಟ್ಯಬ್ದಿ ಇರಲಿ, ಮಾತು ಸುತ್ತು ಹಾಕಿ ಅಲ್ಲಿಗೇ ಬರುತ್ತಿತ್ತು.

ಭಾಷಣ ನನಗೆ ಬಾಯಿಪಾಠ. ಮೊದಲು ಒಂದು ಲವಂಗ ಬಾಯಿಗೆ. ಆಮೇಲೆ ಮೈಕಿಗೆ ಎರಡು ಸಲ ಊದುವುದು. ಆಮೇಲೆ ಶುರು. ‘ಯುಜ್ ಎಂಬುದು ಧಾತು. ಅದರಿಂದ ಯೋಗ ಹುಟ್ಟಿತು. ಯುಜ್ ಎಂದರೆ ಕೂಡಿಸು, ಜೋಡಿಸು, ನೊಗಕ್ಕೆ ಕಟ್ಟು.’ ಇಲ್ಲಿ ಸ್ವಲ್ಪ ನಿಲ್ಲುವರು, ಚಪ್ಪಾಳೆ ಬರಲಿ ಎಂದು. ಬರದಿದ್ದರೆ ಮುಂದಿನ ಸಾಲಿನಲ್ಲಿ ಕೂತವರತ್ತ ನೋಡುವರು. ಬಹಳ ಹಳೆಯ ಕಾಲದ ಮಂತ್ರಗಳಲ್ಲಿ ಕುದುರೆಯನ್ನು ರಥಕ್ಕೆ ಹೂಡುವುದಕ್ಕೆ ಇದೇ ಮಾತು ಇತ್ತಂತೆ. ಎರಡು ಪ್ರಾಣಿಗಳನ್ನು ಒಂದು ಕಟ್ಟಿಗೆಯ ಅಡಿ ತರುವುದು, ಅದೇ ಮೊದಲ ಯೋಗವಂತೆ. ಇಂಗ್ಲಿಷಿನವರು ನೊಗಕ್ಕೆ ಯೋಕ್ ಎನ್ನುತ್ತಾರಲ್ಲ, ಅದೂ ಈ ಮನೆತನದ್ದೇ ಅಂತೆ. ಮೈ ಮತ್ತು ಮನಸ್ಸು, ಜೀವ ಮತ್ತು ದೇವರು, ಇವನ್ನೆಲ್ಲ ಹೂಡುವ ಮಾತು ಬಂದದ್ದು ಎಷ್ಟೋ ಕಾಲದ ಮೇಲೆ. ‘ಮೊದಲು ಎತ್ತು, ಆಮೇಲೆ ಆತ್ಮ!’ ಎಂದು ಕೈ ಮೇಲೆತ್ತಿದರೆ ಭಾಷಣ ಮುಗಿಯಿತು ಎಂದರ್ಥ.

ವಿಷಯವೇನೋ ಚೆನ್ನಾಗಿದೆ ಅನ್ನಿ. ಮೊದಲ ಸಲ ಕೇಳಿದಾಗ ನನಗೂ ಖುಷಿಯಾಗಿತ್ತು. ದೋರನಹಳ್ಳಿಯ ಹೊಲದಲ್ಲಿ ಬೆಳೆದವನು ನಾನು, ನೊಗದ ಮಾತು ವೇದಿಕೆಯ ಮೇಲೆ ಬಂದದ್ದು ನಮ್ಮ ಮನೆಯವರನ್ನೇ ಯಾರೋ ಕುರ್ಚಿ ಹಾಕಿ ಕೂರಿಸಿದಂತೆ ಅನಿಸಿತ್ತು. ಆದರೆ ಕೂಡಿಸುವ ಮಾತಾಡುವ ಈ ಮನುಷ್ಯ ಯಾರ ಜೊತೆಗೂ ಕೂಡಿ ಕೂತದ್ದನ್ನು ನಾನು ನೋಡಲಿಲ್ಲ. ಎಷ್ಟೋ ವರ್ಷ ನನ್ನ ಮೈಕಿಗೆ ಉಗುಳು ಹಾರಿಸಿದರೂ ನನ್ನ ಹೆಸರು ಅವರಿಗೆ ಬೇಕಾಗಿರಲಿಲ್ಲ. ‘ಏ ಮೈಕ್, ಜರಾ ಎಕೋ ಜಾಸ್ತಿ ಇಡು’ ಅನ್ನುವರು. ಹೇಳಿದ್ದನ್ನೇ ಹೇಳುವವರಿಗೆ ಎಕೋ ಬೇರೆ!

ಒಮ್ಮೆ ಸುರಪುರದ ಒಂದು ಸಭೆಯಲ್ಲಿ ಸಂಸ್ಕೃತ ಓದಿದ ಯುವಕನೊಬ್ಬ ಎದ್ದು ನಿಂತ. ‘ಸರ್, ಯುಜ್ ಧಾತು ಎರಡು ಅದಾವ್ರಿ. ಒಂದು ಕೂಡಿಸೋದು, ಇನ್ನೊಂದು ಸಮಾಧಿ. ಯೋಗ ಬಂದಿದ್ದು ಎರಡನೇದ್ರಿಂದ ಅಂತ ಹಳೇ ವ್ಯಾಖ್ಯಾನದವರೇ ಹೇಳ್ಯಾರಲ್ಲರಿ?’ ಎಂದ. ವಿನಯದಿಂದಲೇ ಕೇಳಿದ್ದ. ಸರ್ ಮೂಗು ಮುರಿದು, ‘ಹೊಲ ನೋಡದವರು ಸಮಾಧಿ ಹುಡುಕುತ್ತಾರೆ. ನಾನು ನೊಗದ ಮನೆಯಲ್ಲಿ ಹುಟ್ಟಿದವನು, ನನಗೆ ನೀನು ಹೇಳಬೇಡ’ ಎಂದರು. ಸಭೆಯೆಲ್ಲ ನಕ್ಕಿತು. ಯುವಕ ತಲೆ ತಗ್ಗಿಸಿ ಕೂತ. ಆ ದಿನ ನಾನೂ ನಕ್ಕಿದ್ದೆ... ನಮ್ಮ ಕಡೆಯ ರೈತನ ಮಗ ಗೆದ್ದ ಎಂದು.

ನೊಗದ ಮನೆ ಎಂದದ್ದು ಸುಳ್ಳಲ್ಲ. ಅವರದೂ ದೋರನಹಳ್ಳಿಯೇ. ಅವರ ಅಪ್ಪ ಬಿಟ್ಟುಹೋದ ಹೊಲವನ್ನು ಅವರ ಅಕ್ಕ ಮಾಡುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾನು ದೊಡ್ಡವ್ವ ಎನ್ನುತ್ತಿದ್ದೆ. ಅವಳ ಮನೆಯಲ್ಲಿ ಲಿಂಗಪೂಜೆ, ನಮ್ಮ ಮನೆಯಲ್ಲಿ ನಮಾಜು. ನಡುವೆ ಒಂದು ಓಣಿ. ಅವಳ ಹತ್ತಿರ ಒಂದೇ ಎತ್ತು, ನಮ್ಮ ಅಣ್ಣನ ಹತ್ತಿರ ಒಂದೇ ಎತ್ತು. ಒಂಟಿ ಎತ್ತಿನಿಂದ ಯಾವ ಹೊಲವೂ ಆಗುವುದಿಲ್ಲ. ಹಾಗಾಗಿ ಎರಡನ್ನೂ ಕೂಡಿಸಿ ಹೂಡುವರು: ಇವತ್ತು ದೊಡ್ಡವ್ವನ ಹೊಲ, ನಾಳೆ ನಮ್ಮದು. ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣು ಕೊಟ್ಟು ತಂದ ಬೀಗರಿಗಿಂತ ಎತ್ತು ಕೂಡಿಸಿದ ಮನೆಯವರು ಹತ್ತಿರದವರು.

ಇದರಲ್ಲಿ ತಿಳಿಯದವರು ತಿಳಿದುಕೊಳ್ಳಬೇಕಾದ್ದು ಒಂದಿದೆ. ಎತ್ತಿಗೆ ಕಡೆ ಇರುತ್ತದೆ. ಎಡಕ್ಕೆ ಪಳಗಿದ ಎತ್ತು ಕೊನೆಯ ತನಕ ಎಡಕ್ಕೇ. ಅದನ್ನು ಬಲಕ್ಕೆ ಕಟ್ಟಿದರೆ ಅದಕ್ಕೆ ಲೋಕವೇ ತಿರುಗಿದಂತಾಗುತ್ತದೆ, ಹೆಜ್ಜೆ ಹಾಕಲಾರದು, ಪಕ್ಕದ್ದನ್ನು ದೂಡುತ್ತದೆ. ದೊಡ್ಡವ್ವನದು ಎಡಗಡೆ ಎತ್ತು, ಬಿಳಿ, ಸ್ವಲ್ಪ ಪುಕ್ಕಲು. ನಮ್ಮದು ಬಲಗಡೆಯದು. ಎರಡೂ ನೊಗ ಕಂಡರೆ ತಾವಾಗಿಯೇ ಬಂದು ತಮ್ಮ ತಮ್ಮ ಕಡೆ ನಿಲ್ಲುತ್ತಿದ್ದವು. ಕಾರಹುಣ್ಣಿಮೆಗೆ ದೊಡ್ಡವ್ವ ನಮ್ಮ ಎತ್ತಿಗೂ ಕೊಂಬಿಗೆ ಬಣ್ಣ ಹಚ್ಚುವಳು, ಹೋಳಿಗೆ ತಿನ್ನಿಸುವಳು. ರಮಜಾನ್ ಹಬ್ಬಕ್ಕೆ ನಮ್ಮ ಮನೆಯ ಸುರಕುಂಬಾ, ಆ ಶ್ಯಾವಿಗೆ ಪಾಯಸ, ಮೊದಲು ಅವಳ ಮನೆಗೆ ಹೋಗುತ್ತಿತ್ತು.

ತಮ್ಮನಾದ ಸರ್ ಈ ಹೊಲಕ್ಕೆ ಬರುತ್ತಿದ್ದದ್ದು ಸುಗ್ಗಿಯಲ್ಲಿ, ಚೀಲ ಒಯ್ಯಲು. ಬೂಟು ಹಾಕಿಕೊಂಡು ಬದುವಿನ ಮೇಲೆ ನಿಂತು, ಮೂಗಿಗೆ ಕರ್ಚೀಫು ಹಿಡಿಯುವರು. ದೊಡ್ಡವ್ವ ಓಡಾಡಿ ರೊಟ್ಟಿ ಬಡಿದು ಹಾಕುವಳು. ‘ನನ್ನ ತಮ್ಮ ದೊಡ್ಡ ಭಾಷಣ ಮಾಡ್ತಾನಂತಲ್ಲ, ಏನ್ ಹೇಳ್ತಾನಪಾ?’ ಎಂದು ನನ್ನನ್ನು ಕೇಳುವಳು. ನಾನು ಯುಜ್, ಯೋಗ, ನೊಗ ಎಂದೆಲ್ಲ ಹೇಳಿದರೆ ಬಾಯಿ ತೆರೆದು ಕೇಳಿ, ನೊಗ ಎಂದು ಬಂದಾಗ ನಗುವಳು. ಯಾಕೆ ನಗುತ್ತಾಳೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಬಂತು ಯೋಗ ದಿನ. ಜೂನ್ ತಿಂಗಳ ಇಪ್ಪತ್ತೊಂದಕ್ಕೆ ಮೈದಾನದಲ್ಲಿ ಚಾಪೆ, ಬಿಳಿ ಟೀ ಶರ್ಟು, ಬಾಳೆಹಣ್ಣು. ಮೊದಲ ವರ್ಷ ಸರ್ ತಮ್ಮ ಕಾಲ ಬಂತು ಎಂದುಕೊಂಡರು ಪಾಪ! ಆದರೆ ಜನಕ್ಕೆ ಬೇಕಾದದ್ದು ಬೇರೆ. ಯಾದಗಿರಿಯಿಂದ ಒಬ್ಬ ತರಬೇತುದಾರ ಬಂದ; ರಬ್ಬರಿನ ಹಾಗೆ ಬಗ್ಗುತ್ತಿದ್ದ, ನಗುನಗುತ್ತಾ ‘ಉಸಿರು ತಗೋರಿ, ಬಿಡ್ರಿ’ ಎನ್ನುತ್ತಿದ್ದ. ಹೆಣ್ಣುಮಕ್ಕಳು, ಮುದುಕರು, ಪೊಲೀಸರು ಎಲ್ಲರೂ ಅವನು ಹೇಳಿದಂತೆ ಮಾಡಿದರು. ಶಬ್ದದ ಹುಟ್ಟು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸರ್‌ಗೆ ಐದು ನಿಮಿಷ ಕೊಟ್ಟರು, ಅದೂ ಜನ ಚಾಪೆ ಸುತ್ತುವ ಹೊತ್ತಿನಲ್ಲಿ. ‘ಯುಜ್ ಎಂಬುದು ಧಾತು’ ಎನ್ನುವಾಗ ಎದುರಿಗೆ ಬಾಳೆಹಣ್ಣಿಗೆ ಸಾಲು ಹತ್ತಿತ್ತು. ಇಳಿದು ಬಂದವರ ಮುಖ ನೋಡಿದರೆ ಯಾರೋ ಕಪಾಳಕ್ಕೆ ಹೊಡೆದ ಹಾಗಿತ್ತು.

ಮುಂದಿನ ವರ್ಷ ಅವರು ಒಂದು ಉಪಾಯ ಹೂಡಿದರು. ಜೀವಂತ ಎತ್ತುಗಳನ್ನು ಮೈದಾನಕ್ಕೆ ತಂದು, ತಾವೇ ನೊಗ ಕಟ್ಟಿ, ಯೋಗ ಎಂದರೆ ಇದು ಎಂದು ಜನರ ಕಣ್ಣಿಗೆ ತೋರಿಸಿಬಿಡುವುದು. ಯೋಗ ದಿನದ ಸಮಿತಿಯವರಿಗೂ ಹೊಸದು ಎನಿಸಿತು, ಒಪ್ಪಿದರು. ಎತ್ತು ಎಲ್ಲಿಂದ? ಅಕ್ಕನ ಮನೆಯಿಂದ. ಸಾಗಿಸುವವರು? ಮೈಕ್ ಸಾಗಿಸುವ ನನ್ನ ಟಂಟಂ ಗಾಡಿ ಇತ್ತಲ್ಲ.

ನಾನು ಸುಮ್ಮನಿರಲಿಲ್ಲ. ಆ ವಾರ ಒಳ್ಳೆ ಮಳೆ ಬಿದ್ದು ಹೆಸರುಕಾಳು ಬಿತ್ತಲು ಹದ ಬಂದಿತ್ತು. ಕರಿ ಮಣ್ಣಿನ ಹದ ಯಾರ ಭಾಷಣಕ್ಕೂ ಕಾಯುವುದಿಲ್ಲ. ಇವತ್ತು ಬಿತ್ತುವ ಕೂರಿಗೆ ಇಳಿಯುತ್ತದೆ, ಬಿಸಿಲು ಬಿದ್ದರೆ ಎರಡು ದಿನಕ್ಕೆ ಬಿರಿಯುತ್ತದೆ. ‘ಸರ್, ಬಿತ್ತಿಗಿ ಟೈಮ್ ಅದರಿ, ಎತ್ತು ತರೋದು ಬ್ಯಾಡ್ರಿ’ ಎಂದೆ. ‘ಒಂದು ಮುಂಜಾನೆ ಅಷ್ಟೇ. ನಿನಗೇನು ಗೊತ್ತು ಇದರ ಮಹತ್ವ’ ಎಂದರು. ನಮ್ಮ ಅಣ್ಣ ತನ್ನ ಎತ್ತು ಕೊಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ. ದೊಡ್ಡವ್ವನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ‘ತಮ್ಮ ಕೇಳಾಕತ್ತಾನ. ಇಷ್ಟ್ ವರ್ಷದಾಗ ಚೀಲ ಬಿಟ್ಟು ಬ್ಯಾರೇ ಏನೂ ಕೇಳಿಲ್ಲ’ ಎಂದು ತಾನೇ ಎತ್ತಿನ ಮೈ ತೊಳೆದು, ಹಣೆಗೆ ಕುಂಕುಮ ಹಚ್ಚಿ ಗಾಡಿ ಹತ್ತಿಸಿದಳು.

ಜೋಡಿಗೆ ಇನ್ನೊಂದು ಎತ್ತನ್ನು ಸರ್ ಶಹಾಪುರದಲ್ಲೇ ಯಾರದೋ ಗಾಡಿಯಿಂದ ಬಿಡಿಸಿ ತರಿಸಿದ್ದರು. ಅದೂ ಎಡಗಡೆಯದು. ತಂದವನೇ ಬಾಯಿಬಿಟ್ಟು ಹೇಳಿದ, ಇದು ಎಡಕ್ಕಷ್ಟೇ ನಡೆಯುತ್ತದೆ ಎಂದು. ನಾನೂ ಹೇಳಿದೆ, ದೊಡ್ಡವ್ವನದೂ ಎಡಕ್ಕೇ ಎಂದು. ನೊಗದ ಮನೆಯಲ್ಲಿ ಹುಟ್ಟಿದ ಮಹಾನುಭಾವರು ಲವಂಗ ಬಾಯಿಗೆ ಹಾಕಿಕೊಂಡು ಏನೆಂದರು ಗೊತ್ತೇ? ‘ಎತ್ತು ಎತ್ತೇ. ಎಡ ಏನು, ಬಲ ಏನು. ಯೋಗ ಅಂದರೆ ಹೊಂದಿಕೊಳ್ಳೋದು.’

ಅರವತ್ತು ದಾಟಿದ ಆ ಮನುಷ್ಯ ರೇಷ್ಮೆ ಅಂಚಿನ ಧೋತರ ಉಟ್ಟು, ಬಿಳಿ ಜುಬ್ಬಾ ತೊಟ್ಟು, ಕೊರಳಲ್ಲಿ ಶಾಲು ಬಿಟ್ಟುಕೊಂಡು ಮೈದಾನದ ನಡುವೆ ನಿಂತರು. ಒಂದು ಕೈಯಲ್ಲಿ ನನ್ನ ಕಾರ್ಡ್‌ಲೆಸ್ ಮೈಕ್. ಗಾಡಿಯವನು ತನ್ನ ಎತ್ತನ್ನು ಎಡಕ್ಕೆ ಹಿಡಿದುಬಿಟ್ಟಿದ್ದ. ದೊಡ್ಡವ್ವನ ಬಿಳಿ ಎತ್ತು ಬಲಕ್ಕೆ ಬಂತು. ಕೊರಳನ್ನು ನೊಗಕ್ಕೆ ಬಿಗಿಯುವ ಜತ್ತಿಗೆ ಪಟ್ಟಿ ಕಟ್ಟುವಾಗಲೇ ಅದು ಹಿಂದೆ ಹಿಂದೆ ಸರಿಯುತ್ತಿತ್ತು, ಕಣ್ಣು ಬಿಳಿ ಮಾಡಿತ್ತು. ಸರ್ ‘ಯುಜ್!’ ಎಂದು ಮೈಕಿನಲ್ಲಿ ಕೂಗಿದರು. ಮೈದಾನದ ನಾಲ್ಕೂ ಮೂಲೆಯಿಂದ ಹಾರ್ನು ಯುಜ್ ಎಂದವು. ಬಿಳಿ ಎತ್ತು ಬೆದರಿ ತನ್ನ ಹಳೆಯ ಕಡೆಗೆ, ಎಡಕ್ಕೆ ನುಗ್ಗಿತು. ಅಲ್ಲಿ ಇನ್ನೊಂದು ಎತ್ತು ಇತ್ತು. ಎರಡೂ ಒಂದಕ್ಕೊಂದು ಗುದ್ದಿದವು, ನೊಗ ತಿರುಚಿತು, ಬಿಳಿಯದು ಮುಂಗಾಲು ಮಡಿಚಿ ಬಿತ್ತು. ನೊಗ ಕೊರಳಲ್ಲೇ ಇತ್ತು. ಆ ಭಾರಕ್ಕೆ ಹೆಗಲಿನ ಕೀಲು ತಪ್ಪಿದ ಸದ್ದು ನನಗೆ ಕೇಳಿಸಿತು... ಅಥವಾ ಕೇಳಿಸಿತು ಎಂದು ಈಗ ಅನಿಸುತ್ತದೆಯೋ ಏನೋ.

ಮನುಷ್ಯರಾದವರು ಆಗ ಏನು ಮಾಡುತ್ತಾರೆ? ಗಾಡಿಯವನು ಓಡಿದ, ಯಾದಗಿರಿಯ ತರಬೇತುದಾರ ಚಾಪೆ ಬಿಟ್ಟು ಓಡಿಬಂದ, ಒಬ್ಬ ಪೊಲೀಸಿನವನು ಬೂಟುಗಾಲಲ್ಲೇ ಕೂತು ಜತ್ತಿಗೆ ಬಿಚ್ಚತೊಡಗಿದ. ಸರ್ ಎರಡು ಹೆಜ್ಜೆ ಹಿಂದೆ ಸರಿದು, ಧೋತರಕ್ಕೆ ಹತ್ತಿದ ಮಣ್ಣು ಝಾಡಿಸಿ, ಭಾಷಣ ಮುಂದುವರಿಸಿದರು. ‘ನೋಡಿರಿ, ಎರಡು ಜೀವಗಳು ಕೂಡುವುದು ಎಷ್ಟು ಕಠಿಣ! ಅದಕ್ಕಾಗಿಯೇ ಯೋಗ ಬೇಕು...’ ಎತ್ತು ನೆಲದಲ್ಲಿ ಉಸಿರು ಬಿಡುತ್ತಿತ್ತು, ಹಾರ್ನುಗಳಲ್ಲಿ ಅವರ ದನಿ. ಐದು ನಿಮಿಷ ಇನ್ನೂ ಮುಗಿದಿರಲಿಲ್ಲವಲ್ಲ, ಬಿಟ್ಟಾರೆಯೇ? ನನ್ನ ಧಂದೆಯಲ್ಲಿ ಯಾರ ಮೈಕನ್ನೂ ನಾನು ಬಂದ್ ಮಾಡಿದವನಲ್ಲ, ಎಂಥೆಂಥ ಸುಳ್ಳರ ಮೈಕನ್ನೂ ಮಾಡಿಲ್ಲ. ಆ ದಿನ ಮಾಡಿದೆ. ಸರ್ ಸ್ವಲ್ಪ ಹೊತ್ತು ದನಿಯಿಲ್ಲದೆ ಬಾಯಿ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ‘ಏ ಮೈಕ್!’ ಎಂದು ಕೈಸನ್ನೆ ಮಾಡಿದರು. ನಾನು ಬೇರೆ ಕಡೆ ನೋಡಿದೆ.

ದನದ ದವಾಖಾನೆಯ ಡಾಕ್ಟರು ಕೀಲು ಕೂಡಿಸಿ ಕಟ್ಟಿದರು. ಎದ್ದು ನಿಲ್ಲುತ್ತದೆ, ಇನ್ನು ಎಳೆಯುವುದಿಲ್ಲ ಎಂದರು. ನನ್ನ ಟಂಟಂನಲ್ಲೇ ಅದನ್ನು ದೋರನಹಳ್ಳಿಗೆ ಒಯ್ದೆ. ಸರ್ ಅಷ್ಟರಲ್ಲಿ ಮನೆ ಸೇರಿ, ಬಂದವರಿಗೆಲ್ಲ ಆ ಎತ್ತಿಗೆ ಮೊದಲೇ ತಲೆ ಕೆಟ್ಟಿತ್ತು ಎಂದು ಹೇಳುತ್ತಿದ್ದರಂತೆ. ಊರಲ್ಲಿ ಮಾತು ಬೆಳೆದಾಗ ಸಮಿತಿಯವರೇ ಹೆದರಿ, ಹೋಗಿ ಅಕ್ಕನಿಗೆ ಸಮಾಧಾನ ಹೇಳಿ ಬರ್ರಿ ಎಂದು ಮಾರನೆಯ ದಿನ ಅವರನ್ನು ನನ್ನ ಗಾಡಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ನನಗದು ಸುಖವಾಗಿತ್ತು.

ದೊಡ್ಡವ್ವ ಮನೆಯಲ್ಲಿರಲಿಲ್ಲ. ಎತ್ತಿಗೆ ಅರಿಷಿಣ ಸುಣ್ಣ ಹಚ್ಚಿ, ಮೇವು ಹಾಕಿ, ಹೊಲಕ್ಕೆ ಹೋಗಿದ್ದಳು. ನಾವೂ ಹೋದೆವು. ಬಿಸಿಲು ಬಿದ್ದು ಹದ ಹಾರುವುದರಲ್ಲಿತ್ತು. ನಮ್ಮ ಎತ್ತು ಬಲಗಡೆ ನಿಂತಿತ್ತು, ಕೂರಿಗೆ ಹೂಡಿತ್ತು. ಎಡಗಡೆ, ನೊಗದ ತುದಿಯನ್ನು ಎದೆಗೆ ಆನಿಸಿಕೊಂಡು, ಸೀರೆ ಕಚ್ಚೆ ಹಾಕಿಕೊಂಡು ದೊಡ್ಡವ್ವ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು! ನಮ್ಮ ಅಣ್ಣ ಎದುರಿಗೆ ಕೈ ಮುಗಿದುಕೊಂಡು, ಬಿಡು ದೊಡ್ಡವ್ವ, ಬಿಡು ಎಂದು ಅಳುತ್ತಿದ್ದ.

‘ಯಾಕ್ ಅಳ್ತಿ? ನನಗೇನ್ ಇದು ಹೊಸದಲ್ಲ’ ಎಂದಳು ಅವಳು. ಅಷ್ಟರಲ್ಲಿ ಬದುವಿನ ಮೇಲೆ ತಮ್ಮನನ್ನು ಕಂಡಳು. ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ... ‘ಕೇಳ್ ಬೇಕಾದ್ರ ಇವನ್ನ. ಇವ ಕಾಲೇಜಿಗೆ ಹೋಗೋ ವರ್ಷ ಎಡಗಡಿ ಎತ್ತು ಸತ್ತಿತ್ತು. ಸಾಲಿ ಬಿಡಿಸಿ ಹೊಲಕ್ಕ ಹಾಕ್ತೀನಿ ಅಂದ ನಮ್ಮಪ್ಪ. ನಾನಽ ನಿಂತೆ ನೊಗಕ್ಕ. ಎರಡು ವರ್ಷ ಎಳದೀನಿ. ಹೌದಿಲ್ಲೋ ತಮ್ಮಾ?’

ಬೈಗುಳವಲ್ಲ ಅದು, ಚುಚ್ಚುಮಾತೂ ಅಲ್ಲ. ಮದುವೆಯಲ್ಲಿ ಹಿರಿಯರು ಹಳೆಯ ಸಂಗತಿ ನೆನಪಿಸಿ ನಗುತ್ತಾರಲ್ಲ, ಹಾಗೆ. ನಮ್ಮ ಅಣ್ಣ, ನಾನು ಇಬ್ಬರೂ ಸರ್ ಕಡೆ ನೋಡಿದೆವು. ಎಷ್ಟೊಂದು ವೇದಿಕೆಯ ಮೇಲೆ, ಎಷ್ಟೊಂದು ಎಕೋ ಹಾಕಿಸಿಕೊಂಡು ನೊಗ ನೊಗ ಎಂದ ಬಾಯಿ ಅದು. ಹೌದು ಎಂಬ ಒಂದು ಮಾತು ಸಾಕಿತ್ತು. ‘ಈಗ ಅದೆಲ್ಲ ಯಾಕಕ್ಕಾ’ ಎಂದರು ಸರ್. ಗಡಿಯಾರ ನೋಡಿಕೊಂಡರು. ‘ಬಿಸಿಲಾಯ್ತು, ನಾ ಬರ್ತೀನಿ.’ ನನ್ನ ಗಾಡಿಗೂ ಕಾಯದೆ, ಬದುವಿನ ಮೇಲೆ ಬೂಟು ಜಾರದ ಹಾಗೆ ನೋಡಿಕೊಂಡು ರಸ್ತೆಯ ಕಡೆಗೆ ನಡೆದರು. ಇಂಥವನಿಗೆ ಓದು ಹತ್ತಿದ್ದು ಯಾರ ಹೆಗಲಿನ ಮೇಲಿಂದ ಎಂದು ಗೊತ್ತಾದ ಆ ಗಳಿಗೆಯಿಂದ ನನಗೆ ಆ ಮನುಷ್ಯನ ಮೇಲೆ ಸಿಟ್ಟು ಕೂಡ ಉಳಿಯಲಿಲ್ಲ. ಸಿಟ್ಟಿಗೂ ಎದುರಿಗೆ ಒಬ್ಬ ಮನುಷ್ಯ ಬೇಕು. ಉಳಿದದ್ದು ಹೇಸಿಗೆ ಮಾತ್ರ.

ಅಣ್ಣ ಅವಳ ಎದೆಯ ಮೇಲಿಂದ ನೊಗ ಇಳಿಸಿದ. ಟ್ರ್ಯಾಕ್ಟರ್ ತರಿಸಿ ಅವಳ ಹೊಲ ಮೊದಲು ಬಿತ್ತಿಸಿದ, ಆಮೇಲೆ ನಮ್ಮದು. ಬಿಳಿ ಎತ್ತು ಕುಂಟುತ್ತಾ ಒಂದಿಷ್ಟು ಕಾಲ ಅವಳ ಅಂಗಳದಲ್ಲಿ ಇತ್ತು; ಎಷ್ಟೋ ಜನ ಮಾರು ಎಂದರೂ ಮಾರಲಿಲ್ಲ. ನಮ್ಮದನ್ನು ಅಣ್ಣ ಕೊಟ್ಟುಬಿಟ್ಟ, ಒಂಟಿ ಬಲಗಡೆ ಎತ್ತಿನಿಂದ ಏನು ಮಾಡುವುದು. ಅಲ್ಲಿಗೆ ಎರಡು ಮನೆಯ ಜೋಡಿ ಮುಗಿಯಿತು. ಯಾರೂ ಜಗಳವಾಡಲಿಲ್ಲ. ಆದರೆ ಕೂಡಿಸಲು ಎತ್ತು ಇಲ್ಲದ ಮೇಲೆ ಓಣಿ ದಾಟಲು ಕಾರಣಗಳು ಒಂದೊಂದೇ ಕಡಿಮೆಯಾದವು. ಟ್ರ್ಯಾಕ್ಟರಿಗೆ ಕಾರಹುಣ್ಣಿಮೆಯ ಹೋಳಿಗೆ ಯಾರು ತಿನ್ನಿಸುತ್ತಾರೆ?

ಸರ್ ಭಾಷಣ ನಿಲ್ಲಿಸಲಿಲ್ಲ, ಅಂಥ ಭಾಗ್ಯ ನಮಗೆಲ್ಲಿ. ಕೆಲವು ತಿಂಗಳ ಮೇಲೆ ಕಕ್ಕೇರಾದಲ್ಲಿ ಒಂದು ಸಭೆ, ಮೈಕ್ ನನ್ನದೇ. ಲವಂಗ, ಎರಡು ಸಲ ಊದುವುದು, ಎಲ್ಲ ಹಾಗೇ. ‘ಯುಜ್ ಎಂಬುದು ಧಾತು. ಅದರಿಂದ ಯೋಗ ಹುಟ್ಟಿತು.’ ನಾನು ಮನಸ್ಸಿನಲ್ಲೇ ಮುಂದಿನದನ್ನು ಹೇಳಿಕೊಂಡೆ: ಕೂಡಿಸು, ಜೋಡಿಸು, ನೊಗಕ್ಕೆ ಕಟ್ಟು. ಸರ್ ಹೇಳಿದ್ದು ಬೇರೆ. ‘ಯುಜ್ ಎಂದರೆ ಸಮಾಧಿ. ಚಿತ್ತವನ್ನು ಒಂದೆಡೆ ನಿಲ್ಲಿಸುವುದು. ಹಳೆಯ ವ್ಯಾಖ್ಯಾನಕಾರರೇ ಹೀಗೆ ಹೇಳಿದ್ದಾರೆ.’ ಸುರಪುರದ ಆ ಯುವಕನ ಮಾತು, ಅಕ್ಷರ ಬಿಡದಂತೆ! ಕುದುರೆ ಇಲ್ಲ, ರಥ ಇಲ್ಲ, ಎತ್ತು ಇಲ್ಲ. ಸಭೆಯಲ್ಲಿ ಯಾರಿಗೂ ಏನೂ ಅನಿಸಲಿಲ್ಲ, ಅವರಿಗೆ ಎರಡೂ ಒಂದೇ. ಆ ಭಾಷಣದಿಂದ ಏನು ಬಿಟ್ಟುಹೋಗಿದೆ ಎಂದು ತಿಳಿದವನು ವೇದಿಕೆಯ ಪಕ್ಕ ವೈರು ಹಿಡಿದು ಕೂತಿದ್ದ ನಾನೊಬ್ಬನೇ.

ಆಮೇಲೆ ಸಾಯುವ ತನಕ ಅವರ ಬಾಯಿಂದ ನೊಗ ಎಂಬ ಮಾತು ನಾನು ಕೇಳಲಿಲ್ಲ. ಕಾಯುತ್ತಿದ್ದೆ, ಪ್ರತಿ ಸಭೆಯಲ್ಲೂ. ಅಕ್ಕನ ಮುಖ ಎದುರಿಗೆ ಬಂದು ನಾಚಿಕೆಯಿಂದ ಬಿಟ್ಟರೇ? ಹಾಗೆ ಅಂದುಕೊಳ್ಳಲು ಕೆಲವೊಮ್ಮೆ ಮನಸ್ಸಾಗುತ್ತದೆ. ಆದರೆ ನಾಚಿಕೆಯಾದವನು ಒಂದು ಸಲ ಬಸ್ಸು ಹತ್ತಿ ದೋರನಹಳ್ಳಿಗೆ ಹೋಗುತ್ತಾನೆ, ಕುಂಟುವ ಎತ್ತಿನ ಬೆನ್ನಿಗೆ ಕೈ ಇಡುತ್ತಾನೆ. ಇವರು ಹೋಗಲಿಲ್ಲ, ಚೀಲ ಒಯ್ಯಲು ಬೇರೆಯವರನ್ನು ಕಳಿಸತೊಡಗಿದರು. ತನಗೆ ಬೇಡವಾದ ಅರ್ಥ ಬಿಟ್ಟು ಬೇಕಾದ ಅರ್ಥ ಹಿಡಿಯುವುದು ಪಂಡಿತರಿಗೆ ಎಷ್ಟು ಸಲೀಸು ನೋಡಿ. ನಮ್ಮಂಥವರು ತಪ್ಪು ಮಾಡಿದರೆ ಮುಖ ಮುಚ್ಚಿಕೊಂಡು ಓಡಾಡಬೇಕು. ಅವರು ಧಾತು ಬದಲಿಸಿಕೊಂಡರೆ ಸಾಕು.

ಹೋದ ವರ್ಷ ತೀರಿಕೊಂಡರು. ಶೋಕಸಭೆಯಲ್ಲಿ ಬಂದವರೆಲ್ಲ ಹೊಗಳಿದರು, ಹಾರ್ನು ನಾನೇ ಕಟ್ಟಿದ್ದೆ, ಎಕೋ ಕಡಿಮೆ ಇಟ್ಟಿದ್ದೆ.

ಅಟ್ಟದ ಸಾಮಾನು ಇಳಿಸಿದ ಮರುದಿನ ನಾನು ದೋರನಹಳ್ಳಿಗೆ ಹೋದೆ. ದೊಡ್ಡವ್ವ ಈಗ ಅಂಗಳ ದಾಟುವುದಿಲ್ಲ. ಕಟ್ಟೆಯ ಮೇಲೆ ಕೂತಿರುತ್ತಾಳೆ, ಕಣ್ಣು ಮಂಜು. ಅಂಗಳದಲ್ಲಿ ಎತ್ತು ಕಟ್ಟುತ್ತಿದ್ದ ಗೂಟವೂ ಇಲ್ಲ. ದನಿಯ ಮೇಲೆ ಗುರುತು ಹಿಡಿದು ಕೂರಿಸಿಕೊಂಡಳು. ಚಹಾ ಆದ ಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ, ನನ್ನ ಕೈ ಹಿಡಿದು ಕೇಳಿದಳು.

‘ಅವನ ಭಾಷಣ ಎಲ್ಲಾ ನೀ ಕೇಳಿದಿ. ಎಲ್ಯಾರ ಒಂದ್ ಕಡಿ ನನ್ನ ಹೆಸರ್ ತಗೊಂಡಿದ್ದನೇನಪಾ?’

ಸುಳ್ಳು ಹೇಳಬಹುದಿತ್ತು. ಆದರೆ ಆ ಮನುಷ್ಯ ಮಾಡದ ಪುಣ್ಯವನ್ನು ಅವನ ಹೆಸರಿಗೆ ಬರೆಯಲು ನನ್ನ ನಾಲಿಗೆ ಏಳಲಿಲ್ಲ.

‘ಇಲ್ಲ ದೊಡ್ಡವ್ವ’ ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ತಾನೇ ನನಗೆ ಸಮಾಧಾನ ಹೇಳುವವಳ ಹಾಗೆ ಅಂದಳು: ‘ಇರ್ಲಿ ಬಿಡು. ಹೆಸರ್ ತಗೊಳ್ಳಾಕ ನಾಚ್ಕಿ ಆಗಿರ್ಬೇಕು, ಅಷ್ಟ್ ಮಂದಿ ಮುಂದ. ಆದ್ರ ನೊಗ ಅಂತಿದ್ದನಲ್ಲ, ಎಲ್ಲಾ ಕಡಿ? ಆ ಮಾತ್ ಬಂದಾಗ ಅವಗ ನಾನಽ ನೆನಪಾಗ್ತಿದ್ದೆ. ಮತ್ಯಾರ್ ನೆನಪಾಗ್ತಾರ ಹೇಳು? ಕಡೀತನಕ ಅಂತಿದ್ದನಲ್ಲ?’

ಕೊನೆಗೆ ಅದನ್ನೂ ಬಿಟ್ಟಿದ್ದರು ಎಂದು ಈ ಲೋಕದಲ್ಲಿ ಬಲ್ಲವನು ನಾನೊಬ್ಬನೇ ಇದ್ದೆ. ಅವಳ ಕೈ ನನ್ನ ಕೈಯಲ್ಲೇ ಇತ್ತು.

‘ಅಂತಿದ್ರು ದೊಡ್ಡವ್ವ’ ಎಂದೆ. ‘ಕಡೀತನಕ ಅಂದ್ರು.’